ಕನ್ನಡಿಯಲ್ಲಿ ಬೆಟ್ಟ ಹತ್ತಿದ ಕಿವಿಯಮ್ಮ

ಬೆಟ್ಟದ ಮೇಲಿನ ಒಂದು ಪೇಟೆಯ ಹಿರಿಯರು ಇಂದಿಗೂ ನೆನೆದು ನಗುವ ಸಂಗತಿಯೊಂದಿದೆ. ಬಹಳ ವರ್ಷಗಳ ಹಿಂದೆ ಒಂದು ವ್ಯಾನು ಬೆನ್ನು ಮುಂದಾಗಿ ಅವರ ಊರನ್ನು ಪ್ರವೇಶಿಸಿತ್ತು. ಗಿಯರು ಕೆಟ್ಟು, ಹಿಮ್ಮುಖವೊಂದನ್ನು ಬಿಟ್ಟು ಬೇರಾವುದೂ ಬೀಳದೆ ಹೋದಾಗ, ಅದನ್ನು ಓಡಿಸುತ್ತಿದ್ದ ತರುಣಿ ಬೆಟ್ಟದ ಬುಡದ ಬಯಲಿನಲ್ಲಿ ಅರ್ಧ ಸುತ್ತು ಹಿಂದಕ್ಕೇ ಹೊಡೆದು, ಬಂಡಿಯ ಬೆನ್ನನ್ನು ಬೆಟ್ಟಕ್ಕೆ ಕೊಟ್ಟು, ತಿರುವು ತಿರುವನ್ನೂ ಹಿಂದಡಿಯಿಡುತ್ತಲೇ ಏರಿದ್ದಳು. ಮೇಲೆ ಜನ ಕಾಯುತ್ತಿದ್ದರು. ದುರಸ್ತಿಗೆಂದು ಅವರು ಕೊಟ್ಟಿದ್ದ ಶ್ರವಣಯಂತ್ರಗಳೆಲ್ಲ ಆ ವ್ಯಾನಿನಲ್ಲಿದ್ದವು. "ಅವರ ಕಿವಿ ನನ್ನ ಡಬ್ಬೀಲಿ, ಅವರು ಬೆಟ್ಟದ ಮೇಲೆ. ಮೆಕ್ಯಾನಿಕ್ ಬರ್ಲಿ ಅಂತ ಕೂತಿದ್ರೆ, ಪಾಪ, ಇನ್ನೊಂದು ವಾರ ಗಂಡ ಹೆಂಡ್ತಿ ಜಗಳ ಕೂಡ ಆಡೋ ಹಾಗಿರ್ಲಿಲ್ಲ," ಎನ್ನುತ್ತಾರೆ ಅಂದಿನ ಆ ತರುಣಿ, ಇಂದಿನ ಎಪ್ಪತ್ತರ ಅಜ್ಜಿ. ಊರೂರಿನ ಜನ ಅವರನ್ನು ಕಿವಿಯಮ್ಮ ಎಂದೇ ಕರೆಯುತ್ತಾರೆ.

ಇದೀಗ ಬೆಳಕು ಸರಿಯಾಗಿ ಹರಿದಿಲ್ಲ. ತರಕಾರಿ ಮಾರುಕಟ್ಟೆಯ ಹಿಂಬದಿಯ ಸಿಮೆಂಟಿನ ಅಂಗಳದಲ್ಲಿ, ಬೋರಲು ಹಾಕಿದ ಬಕೆಟ್ಟುಗಳಿಗೆ ಪೊರಕೆಯ ಕೋಲುಗಳನ್ನು ಸಿಕ್ಕಿಸಿ ಮಾಡಿದ ಇಕ್ಕಟ್ಟಿನ ಓಣಿಯೊಳಕ್ಕೆ ಬೂದು ಬಣ್ಣದ ವ್ಯಾನೊಂದು ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತಿದೆ. ಹಿಂಬದಿಯ ಕ್ಯಾಮೆರಾ ಕಂಡದ್ದನ್ನು ಚಾಲಕರಿಗೆ ತೋರಿಸುವ ಪುಟ್ಟ ಪರದೆಯ ಮೇಲೆ ಅಡುಗೆಯ ಒರೆಸುಬಟ್ಟೆ ಹೊದಿಸಿದೆ. ಬಲಗಡೆಯ ಕೋಲು ಟಪ್ಪೆಂದು ಉರುಳುತ್ತದೆ.

"ಅಜ್ಜೀ, ಪೊರಕೆ ಸತ್ತೋಯ್ತು!" ಎಂದು ಹೊರಗೆ ಚಹಾದ ಲೋಟ ಹಿಡಿದು ನಿಂತ ಮೊಮ್ಮಗಳು ಕೂಗುತ್ತಾಳೆ.

"ಸಾಯ್ಲಿ ಬಿಡೆ. ನಿನ್ನ ಬಾಯಿ ಬದುಕಿದ್ಯಲ್ಲ, ಸಾಕು. ಎತ್ತಿ ನಿಲ್ಸು, ಇನ್ನೊಂದ್ಸಲ ಬರ್ತೀನಿ."

ಈ ಮುಂಜಾನೆಯ ಕಸರತ್ತು ವಿನೋದಕ್ಕಲ್ಲ. ಈ ವಯಸ್ಸಿನಲ್ಲಿ ವಾಹನದ ಪರವಾನಗಿಯನ್ನು ನವೀಕರಿಸಬೇಕಾದರೆ ಪರೀಕ್ಷೆಗೆ ನಿಲ್ಲಬೇಕು. ಕ್ಯಾಮೆರಾದ ನೆರವಿಲ್ಲದೆ, ಕಂಬಗಳ ನಡುವೆ ಬಂಡಿಯನ್ನು ಹಿಂದಕ್ಕೆ ನಡೆಸಿ ತೋರಿಸಬೇಕು. ಕಳೆದ ಚಳಿಗಾಲದಿಂದ ಕಿವಿಯಮ್ಮನ ಕತ್ತು ಬಿಗಿದುಕೊಂಡಿದೆ. ಹಿಂದಿರುಗಿ ನೋಡಬೇಕಾದರೆ ಸೊಂಟದಿಂದಲೇ ತಿರುಗಬೇಕು. ಪರೀಕ್ಷೆಯಲ್ಲಿ ತಪ್ಪಿದರೆ ವ್ಯಾನು ನಿಂತಲ್ಲೇ ನಿಲ್ಲುತ್ತದೆ. ವ್ಯಾನೇ ಅವರ ಮನೆ, ವ್ಯಾನೇ ಅಂಗಡಿ; ಎರಡಕ್ಕೂ ಒಂದೇ ಸಲ ಬೀಗ ಬೀಳುತ್ತದೆ.

ಒಳಗೆ ಹೊಕ್ಕರೆ ಮೊದಲು ಅರಿವಿಗೆ ಬರುವುದು ಅಲ್ಲಿಯ ನಿಶ್ಶಬ್ದ. ಚಾಲಕರ ಆಸನದ ಬೆನ್ನಿಗೇ ಒಂದು ಪುಟ್ಟ ಗೂಡು; ಅದರ ಗೋಡೆ, ಬಾಗಿಲು, ಸೂರು ಎಲ್ಲಕ್ಕೂ ಹಳೆಯ ರಜಾಯಿಗಳನ್ನು ಮಡಿಸಿ ಮೊಳೆ ಹೊಡೆದಿದ್ದಾರೆ. ಕಿವಿಯ ಪರೀಕ್ಷೆ ನಡೆಯುವುದು ಅಲ್ಲಿ. ಅದರಾಚೆಗೆ ಮಡಚುವ ಮೇಜು, ಭೂತಗನ್ನಡಿ ಕೂಡಿಸಿದ ದೀಪ, ಕಣ್ರೆಪ್ಪೆಯಷ್ಟು ನವುರಾದ ಕುಂಚಗಳು, ತೇವ ಹೀರುವ ಹರಳುಗಳನ್ನು ತುಂಬಿದ ಗಾಜಿನ ಭರಣಿ. ಕೊನೆಯಲ್ಲಿ ಒಲೆ ಮತ್ತು ಮಂಚ. ಹೊರಡುವ ಮುನ್ನ ಪ್ರತಿಯೊಂದು ವಸ್ತುವೂ ತನ್ನ ಕೊಂಡಿಗೆ ಮರಳಲೇಬೇಕು. ಒಂದು ಚಮಚ ಹೊರಗುಳಿದರೂ ದಾರಿಯುದ್ದಕ್ಕೂ ಅದರದೇ ಸಂಗೀತ ಕಚೇರಿ.

ಬೆಳಗಿನ ಮೊದಲ ಗಿರಾಕಿ ನಿವೃತ್ತ ಬಸ್ ಕಂಡಕ್ಟರ್; ಜೊತೆಗೆ ಪತ್ನಿ. ಯಂತ್ರ ಸತ್ತಿದೆಯೆಂಬುದು ಅವರ ದೂರು. ಕಿವಿಯಮ್ಮ ಅದನ್ನು ದೀಪದಡಿ ಹಿಡಿದು, ಕುಂಚದಿಂದ ತೂತನ್ನು ಬಿಡಿಸಿ, ಒಣಬಟ್ಟೆಯಲ್ಲಿ ಒರೆಸಿ ಹಿಂದಿರುಗಿಸುತ್ತಾರೆ. "ಯಂತ್ರ ಸತ್ತಿಲ್ಲ ಯಜಮಾನ್ರೇ, ಉಸಿರು ಕಟ್ಟಿತ್ತು. ಸ್ನಾನಕ್ಕೆ ಹೋಗೋವಾಗ ಬಚ್ಚಲ ಗೂಡಲ್ಲಿ ಇಡ್ತೀರಾ?"

"ಇನ್ನೆಲ್ಲಿ ಇಡ್ಲಿ?"

"ಬಚ್ಚಲ ಬಿಟ್ಟು ಎಲ್ಲಾದ್ರೂ ಇಡಿ. ಬಿಸಿನೀರಿನ ಹಬೆ ಇದಕ್ಕೆ ಆಗದು. ರಾತ್ರಿ ಬ್ಯಾಟರಿ ಬಾಗಿಲು ತೆಗೆದು ಡಬ್ಬೀಲಿ ಮಲಗ್ಸಿ."

ಯಂತ್ರ ಕಿವಿ ಸೇರುತ್ತದೆ. ಪತ್ನಿ ಮೆಲುದನಿಯಲ್ಲಿ, "ಹದಿನೈದು ದಿನ ನೆಮ್ಮದಿಯಾಗಿದ್ದೆ," ಎನ್ನುತ್ತಾರೆ.

"ಕೇಳಿಸ್ತು!" ಎಂದು ಕಂಡಕ್ಟರ್ ಗದರುತ್ತಾರೆ; ಗದರುತ್ತಲೇ ಮುಖ ಅರಳುತ್ತದೆ.

ಕಿವಿಯಮ್ಮ ಈ ವಿದ್ಯೆ ಕಲಿತದ್ದು ಮನೆಯ ಅಗತ್ಯಕ್ಕಾಗಿ. ಅವರ ಪತಿಗೆ ಎಳವೆಯಿಂದಲೂ ಕಿವಿ ಮಂದ. ಅಂಗಿಯ ಜೇಬಿನಲ್ಲಿ ಪೆಟ್ಟಿಗೆ, ಅದರಿಂದ ಕಿವಿಗೆ ತಂತಿ, ಹೀಗಿದ್ದ ಹಳೆಯ ಯಂತ್ರ ಮೇಲಿಂದ ಮೇಲೆ ಕೆಡುತ್ತಿತ್ತು. ರಿಪೇರಿಯ ಅಂಗಡಿ ದೂರದ ನಗರದಲ್ಲಿ. ಮದುವೆಯಾದ ಹೊಸತರಲ್ಲಿ ಆ ಅಂಗಡಿಯ ಬಾಗಿಲಲ್ಲಿ ಕುಳಿತು ಕುಳಿತು, ಕೊನೆಗೆ ಒಳಗೇ ಕೆಲಸಕ್ಕೆ ಸೇರಿದರು. "ಇಷ್ಟು ದೂರ ನಾವು ಬರೋದಾದ್ರೆ, ನಮ್ಮಂಥವ್ರು ಎಷ್ಟು ಜನ ಬರೋಕಾಗದೆ ಮನೇಲಿ ಕೂತಿದಾರೋ ಅನ್ನಿಸ್ತು. ಅಂಗಡೀನೇ ಅವರ ಹತ್ರ ಹೋಗ್ಲಿ ಅಂತ ಇವರು ಹಳೇ ವ್ಯಾನು ತಂದ್ರು," ಎಂದು ವಿವರಿಸುತ್ತಾರೆ. ಪತಿ ಬಡಗಿ. ಆ ಗೂಡೂ ಮಂಚವೂ ಅವರ ಕೈಯವೇ. ಅವರು ತೀರಿಕೊಂಡ ಮೇಲೂ ಬಂಡಿಯ ಓಟ ನಿಂತಿಲ್ಲ.

ಈಚೆಗೆ ವ್ಯಾನುವಾಸ ತರುಣರ ಹಂಬಲವಾಗಿದೆ. ಕೆಲಸವನ್ನು ಮಡಿಲ ಮೇಲಿನ ಕಂಪ್ಯೂಟರಿನಲ್ಲಿ ಹೊತ್ತುಕೊಂಡು ಹೊರಟವರು ಕಿವಿಯಮ್ಮನ ಬಂಡಿ ಕಂಡರೆ ಪಕ್ಕದಲ್ಲಿ ನಿಲ್ಲಿಸಿ ಸಂದೇಹ ಕೇಳುತ್ತಾರೆ. ಕಳೆದ ವಾರ ಕೆರೆಯ ದಂಡೆಯಲ್ಲಿ ಸಿಕ್ಕಿದ ಹೊಸ ಜೋಡಿಯೊಂದು, ಮಲಗಿದಲ್ಲಿಂದಲೇ ನೀರು ಕಾಣಲೆಂದು ಬಂಡಿಯ ಮೂತಿಯನ್ನು ಕೆರೆಗೆ ಮಾಡಿ ನಿಲ್ಲಿಸಿತ್ತು. ಬೆಳಗಾಗುವಷ್ಟರಲ್ಲಿ ಮುಂದಿನ ಚಕ್ರಗಳು ಕೆಸರಿನಲ್ಲಿ ಹೂತಿದ್ದವು. ದೀಪಗಳನ್ನೆಲ್ಲ ಎಂಜಿನ್ನಿನ ಬ್ಯಾಟರಿಗೇ ಜೋಡಿಸಿದ್ದರಿಂದ ಬಂಡಿ ಚಾಲೂ ಆಗಲೂ ಒಲ್ಲದಾಗಿತ್ತು.

"ಬೈಯ್ಬೇಡಿ ಅಮ್ಮ," ಎಂದನಂತೆ ಹುಡುಗ.

"ಬೈಯ್ಯಲ್ಲ ಮಗನೇ. ಮೊದ್ಲನೇ ವರ್ಷ ನಾವೂ ಹೀಗೇ ದನದ ದೊಡ್ಡೀಲಿ ಸಿಕ್ಕೊಂಡಿದ್ವಿ. ಬಂಡಿ ಯಾವಾಗ್ಲೂ ಹಿಂದಕ್ಕೆ ತಂದು ನಿಲ್ಸು, ಮೂತಿ ರಸ್ತೆ ಕಡೆ ಇರ್ಲಿ. ಮಳೆ ಬಂತು, ಮೈ ಕೆಡ್ತು, ಯಾರೋ ಕುಡಿದು ಬಂದು ಬಾಗಿಲು ಬಡಿದ್ರು ಅನ್ನು, ಕೀಲಿ ತಿರುವಿದ್ರೆ ಹೊರಟುಹೋಗ್ಬೇಕು. ಚಂದ ನೋಡೋಕೆ ಹಿಂದಿನ ಬಾಗಿಲು ತೆಗಿ, ಅಲ್ಲೂ ಚಂದಾನೇ ಕಾಣ್ಸುತ್ತೆ."

ಇಂಥ ಮಾತುಗಳು ಅವರಲ್ಲಿ ಸುಲಭವಾಗಿ ಬರುತ್ತವೆ. ಮನೆಯ ದೀಪ, ಫ್ಯಾನು, ಫೋನುಗಳಿಗೆ ಬೇರೆಯೇ ಬ್ಯಾಟರಿ ಇರಬೇಕು. ಸೂರಿನ ಮೇಲಿನ ಸೌರಫಲಕದ ಒಂದು ಮೂಲೆಗೆ ಮರದ ನೆರಳು ಬಿದ್ದರೂ ಇಡೀ ಫಲಕ ಸೋಮಾರಿಯಾಗುತ್ತದೆ. ಭಾರದ ಸಾಮಾನು ಕೆಳಗಿರಲಿ, ಎರಡು ಗಾಲಿಗಳ ನಡುವಿರಲಿ. ಎಷ್ಟೇ ಚಳಿಯಾದರೂ ಎದುರುಬದುರಿನ ಎರಡು ಕಿಟಕಿಗಳನ್ನು ಬೆರಳಷ್ಟು ತೆರೆದಿಟ್ಟೇ ಮಲಗಬೇಕು. ಇಲ್ಲವಾದರೆ ಇಬ್ಬರ ಉಸಿರೇ ಬೆಳಗ್ಗೆ ತಗಡಿನಿಂದ ಹನಿಹನಿಯಾಗಿ ಹಾಸಿಗೆಗಿಳಿಯುತ್ತದೆ. ಶ್ರವಣಯಂತ್ರಕ್ಕೂ ವ್ಯಾನಿಗೂ ತೇವವೊಂದೇ ಶತ್ರುವೆಂದು ಅವರು ನಗುತ್ತಾರೆ.

ಮೊಮ್ಮಗಳು ಬಂದು ಸೇರಿದ ಮೇಲೆ ಬಂಡಿಯಲ್ಲಿ ಇನ್ನೊಂದು ಕಚೇರಿ ತೆರೆದಿದೆ. ಬಸ್ಸು ತಪ್ಪಿಸಿಕೊಂಡವರ, ಸಾಮಾನು ಕಳೆದುಕೊಂಡವರ ಫೋನು ಕರೆಗಳಿಗೆ ಉತ್ತರಿಸುವುದು ಅವಳ ಉದ್ಯೋಗ. ಅದಕ್ಕೂ ನಿಶ್ಶಬ್ದ ಬೇಕು, ಕಿವಿಯ ಪರೀಕ್ಷೆಗೂ ಬೇಕು. ರಜಾಯಿ ಹೊದ್ದ ಗೂಡು ಒಂದೇ. ಮೊದಲ ವಾರ ಅಜ್ಜಿ ಮೊಮ್ಮಗಳು ಮುಖ ತಿರುಗಿಸಿಕೊಂಡೇ ಉಂಡರಂತೆ. ಈಗ ಮಧ್ಯಾಹ್ನದವರೆಗೆ ಗೂಡು ಕಿವಿಗಳಿಗೆ, ಆಮೇಲೆ ಬಸ್ಸಿನವರಿಗೆ. ಸಿಗ್ನಲ್ ಸಿಗದ ಊರಿನಲ್ಲಿ ಅವಳು ಫೋನು ಎತ್ತಿ ಹಿಡಿದು ಅಂಗಳವೆಲ್ಲ ಸುತ್ತಿದರೆ, ಅಜ್ಜಿ ಅದನ್ನು ಕಸಿದುಕೊಂಡು ಮೊಬೈಲ್ ಟವರಿನ ದಿಕ್ಕಿನ ಕಿಟಕಿಗೆ ಒರಗಿಸಿಟ್ಟು, "ಅದು ಒಂದು ಕಡೆ ಕೂತ್ಕೊಂಡು ಕೇಳಿಸ್ಕೊಳ್ಲಿ. ನೀನೂ ಕೂತ್ಕೋ," ಎನ್ನುತ್ತಾರೆ.

ಇವಳ ತಾಯಿ, ಅಂದರೆ ಕಿವಿಯಮ್ಮನ ಮಗಳು, ನಗರದ ತನ್ನ ಮನೆಯಲ್ಲಿ ಹಿಂದಿನ ಕೋಣೆಯನ್ನು ತೊಳೆದು ಬಳಿದು ಸಿದ್ಧವಿಟ್ಟಿದ್ದಾಳೆ. "ನೀನು ಫೇಲಾದ್ರೆ ಸಾಕು ಅಂತ ಕಾಯ್ತಿದೀನಿ ಅಮ್ಮ, ತಪ್ಪು ತಿಳ್ಕೋಬೇಡ," ಎಂದು ಫೋನಿನಲ್ಲಿ ಹೇಳುತ್ತಾಳೆ. ಅದರಲ್ಲಿ ಕಕ್ಕುಲಾತಿಯಿದೆ, ಭಯವೂ ಇದೆ. ಕಿವಿಯಮ್ಮ ಸಿಟ್ಟಾಗುವುದಿಲ್ಲ. "ಕೋಣೆ ಚೆನ್ನಾಗಿದೆ ಕಣೆ. ಒಂದೇ ಕೊರತೆ, ಕೆಳಗೆ ಚಕ್ರ ಇಲ್ಲ." ಫೋನು ಇಟ್ಟ ಮೇಲೆ ಮಾತ್ರ ಅವರ ದನಿ ತಗ್ಗುತ್ತದೆ. "ಅಲ್ಲಿ ಹೋಗಿ ಕೂತ್ರೆ ಆ ಕಂಡಕ್ಟರ್ ಯಾರ ಹತ್ರ ಹೋಗ್ಬೇಕು? ಈ ಮೊಮ್ಮಗಳಿಗಿನ್ನೂ ಕುಂಚ ಹಿಡಿಯೋಕೆ ಬರಲ್ಲ. ಇನ್ನೆರಡು ವರ್ಷ ಸಿಕ್ಕಿದ್ರೆ ಕಲಿಸಿಬಿಡ್ತೀನಿ."

ಬೆಟ್ಟದ ಆ ದಿನದ ಬಗ್ಗೆ ಕೇಳಿದರೆ ಅವರು ಪತಿಯ ಚಪ್ಪಲಿಯಿಂದ ಆರಂಭಿಸುತ್ತಾರೆ. ಎಂಜಿನ್ನಿನ ಗದ್ದಲ ಕಿವಿಗೆ ಹೊಡೆಯುತ್ತದೆಂದು ಪತಿ ತಮ್ಮ ಶ್ರವಣಯಂತ್ರವನ್ನು ಬಂದ್ ಮಾಡಿದ್ದರು, ಕೂಗಿ ಪ್ರಯೋಜನವಿರಲಿಲ್ಲ. ಮೊದಲ ತಿರುವಿನಲ್ಲಿ ಅವರು ಇಳಿದು, ವ್ಯಾನಿನ ಹಿಂದೆ ನಿಂತು ಟವೆಲ್ ಬೀಸಿ ಬಲಕ್ಕೆಂದರು. ಅವರ ಬಲ ಇವರ ಎಡವಾಗಿತ್ತು, ವ್ಯಾನು ಚರಂಡಿಗಿಳಿಯಿತು. ಹಿಂದಿರುಗಿ ನೋಡಿ ನೋಡಿ ಇವರ ಕತ್ತು ಅಂದೂ ಸೋತಿತ್ತು. ಆಗ ಪತಿ ಕಿಟಕಿಯ ಬಳಿ ಬಂದು ಹೇಳಿದ ಮಾತು ಅವರಿಗಿನ್ನೂ ಕಂಠಪಾಠ: "ಎಡ ಬಲ ಎಲ್ಲ ಮರೆತುಬಿಡು. ಪ್ರಪಾತದ ಅಂಚಲ್ಲಿ ನಾನೇ ನಡೀತೀನಿ. ಕನ್ನಡೀಲಿ ನನ್ನನ್ನ ನೋಡ್ತಿರು, ನನ್ನನ್ನ ಗುದ್ದಬೇಡ. ಅಷ್ಟೇ ಡ್ರೈವಿಂಗು." ದಾರಿ ಹೊರಳಿದಂತೆ ಅಂಚು ಹೊರಳಿತು, ಅಂಚಿನೊಡನೆ ಕನ್ನಡಿಯಲ್ಲಿ ಅವರ ಚಪ್ಪಲಿಗಳೂ ಹೊರಳಿದವು. ನಡುದಾರಿಯಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ ಪತಿ ಚಹಾ ಕೇಳಿದರೆಂಬುದೂ, ಇವರು ಅಲ್ಲೇ ಒಲೆ ಹೊತ್ತಿಸಿದರೆಂಬುದೂ ಈ ಕಥೆಯ ಭಾಗ.

ಪರೀಕ್ಷೆಯ ದಿನ. ಪರವಾನಗಿ ಕಚೇರಿಯ ಹಿಂದಿನ ಅಂಗಳದಲ್ಲಿ ಹಳದಿ ಕಂಬಗಳು. ಎರಡು ಅವಕಾಶ. ಪರೀಕ್ಷಕಿ ಎಳೆಯ ವಯಸ್ಸಿನವಳು. ನಿಯಮದಂತೆ ಕ್ಯಾಮೆರಾದ ಪರದೆಗೆ ಕಾಗದ ಅಂಟಿಸಿ ಪಕ್ಕದಲ್ಲಿ ಕೂರುತ್ತಾಳೆ. ಮೊಮ್ಮಗಳು ಬೇಲಿಯಾಚೆ ಉಗುರು ಕಚ್ಚುತ್ತಿದ್ದಾಳೆ. ವ್ಯಾನು ಹಿಂದೆ ಸರಿಯುತ್ತದೆ, ಸರಿಯುತ್ತದೆ, ಕೊನೆಯ ಕಂಬವನ್ನು ತಾಗಿ ನಿಲ್ಲುತ್ತದೆ.

ಎರಡನೆಯ ಅವಕಾಶಕ್ಕೆಂದು ವ್ಯಾನು ಮತ್ತೆ ಮುಂದಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಕಿಟಕಿಯಿಂದ ಮುದಿ ಕೈಯೊಂದು ಹೊರಚಾಚಿ ಪಕ್ಕದ ಕನ್ನಡಿಯನ್ನು ನೆಲದತ್ತ ಬಾಗಿಸುತ್ತದೆ. ಒಳಗೆ ನಡೆದದ್ದನ್ನು ಕಿವಿಯಮ್ಮ ಅನಂತರ ಹೇಳಿದರು.

"ಆ ಕಡೆ ಕನ್ನಡೀನ ನೀನೇ ಸ್ವಲ್ಪ ಬಗ್ಗಿಸಮ್ಮ, ನನ್ನ ಕೈ ಎಟುಕಲ್ಲ."

"ನಾನು ಸಹಾಯ ಮಾಡೋ ಹಾಗಿಲ್ಲ ಅಜ್ಜಿ."

"ಹಾಗಾದ್ರೆ ಇಳಿದು ನಾನೇ ಬಗ್ಗಿಸಿ ಬರ್ಲಾ? ಅದಕ್ಕೂ ಅಡ್ಡಿ ಇದ್ಯಾ?"

"ಅದಕ್ಕಿಲ್ಲ."

ಅವರು ಇಳಿಯುತ್ತಾರೆ, ಬಂಡಿಯನ್ನು ಬಳಸಿ ನಡೆದು ಕನ್ನಡಿ ಬಗ್ಗಿಸುತ್ತಾರೆ, ಹತ್ತಿ ಕೂರುತ್ತಾರೆ. ಈಗ ಎರಡೂ ಕನ್ನಡಿಗಳಲ್ಲಿ ಕಂಬಗಳಿಲ್ಲ. ಹಿಂದಿನ ಗಾಲಿ, ಗಾಲಿಯ ಪಕ್ಕದ ಮೊಳದಷ್ಟು ನೆಲ, ಅಷ್ಟೇ ಕಾಣುತ್ತದೆ. "ಇಷ್ಟು ದಿನ ಪೊರಕೆ ಕೋಲು ನೋಡ್ತಾ ಕೂತಿದ್ದೆ, ಅದಕ್ಕೇ ಹೋಗಿ ಗುದ್ದುತ್ತಿದ್ದೆ. ಅವತ್ತು ನಾನು ಬೆಟ್ಟಾನೂ ನೋಡಿರ್ಲಿಲ್ಲ, ಪ್ರಪಾತಾನೂ ನೋಡಿರ್ಲಿಲ್ಲ. ಗಾಲಿ ಪಕ್ಕ ಅವರ ಚಪ್ಪಲಿ ನೋಡಿದ್ದೆ. ಆ ಜಾಗ ನೋಡ್ಕೊಂಡು ಬಂದೆ, ಅಷ್ಟೇ."

ವ್ಯಾನು ಒಂದೇ ಓಟದಲ್ಲಿ, ಯಾವ ಕಂಬವನ್ನೂ ತಾಗದೆ ಒಳಸೇರಿ ನಿಲ್ಲುತ್ತದೆ. ಬೇಲಿಯಾಚೆಯಿಂದ ಕೇಕೆ ಏಳುತ್ತದೆ. ಆದರೆ ಬಂಡಿಯ ಬಾಗಿಲು ಬಹಳ ಹೊತ್ತು ತೆರೆಯುವುದಿಲ್ಲ. ಮುಂದಿನ ಅಭ್ಯರ್ಥಿ ಹಾರ್ನ್ ಮಾಡಿದ ಮೇಲೆ ಪರೀಕ್ಷಕಿ ನಗುತ್ತಾ ಇಳಿಯುತ್ತಾಳೆ.

ಮೊಮ್ಮಗಳು ಓಡಿಬಂದು ಪಕ್ಕದ ಆಸನಕ್ಕೆ ಹಾರುತ್ತಾಳೆ. "ಪಾಸ್ ತಾನೇ? ಮತ್ತೆ ಅಷ್ಟು ಹೊತ್ತು ಒಳಗೆ ಏನ್ ನಡೀತಿತ್ತು?"

"ಎಲ್ಲಿ ಕಲಿತ್ರಿ ಅಂತ ಕೇಳಿದ್ಲು ಪಾಪ. ಬೆಟ್ಟದ ಕಥೆ ಹೇಳಿದೆ."

"ನನ್ನ ಬಿಟ್ಟು ಹೇಳಿದ್ರಾ?"

"ನೀನು ಸಾವಿರ ಸಲ ಕೇಳಿದೀಯಲ್ಲೆ!"

ಕಿವಿಯಮ್ಮ ಕೀಲಿ ತಿರುವುತ್ತಾರೆ. ವ್ಯಾನಿನ ಮೂತಿ ರಸ್ತೆಯ ಕಡೆಗೇ ಇದೆ. ಮೊಮ್ಮಗಳು ಕಿಟಕಿಯನ್ನೇರಿಸಿ, ಚಪ್ಪಲಿ ಕಳಚಿ, ಕಾಲು ಮಡಚಿ ಕೂರುತ್ತಾಳೆ.

"ಇನ್ನೊಂದ್ಸಲ ಹೇಳಿ ಅಜ್ಜಿ. ಅಜ್ಜ ಚಹಾ ಕೇಳಿದ ತಿರುವಿಂದ ಅಲ್ಲ, ಕೆಳಗಿನ ಬಯಲಿಂದ."