ತಂತಿ ಮೇಷ್ಟ್ರ ಫೋನು

ಆ ಹೊತ್ತಿಗೆ ಫೋನು ಮೇಷ್ಟ್ರ ಕೈಯಲ್ಲೇ ಇದ್ದರೆ? ಬೆಳಗ್ಗೆಯಿಂದ ಇದೊಂದೇ ಯೋಚನೆ ನನ್ನ ತಲೆ ತಿನ್ನುತ್ತಿತ್ತು. ಪರದೆ ಕಪ್ಪಾಗುತ್ತದೆ, ಮತ್ತೆ ಬೆಳಗುತ್ತದೆ, ಅಂಗಡಿಯಿಂದ ಆಗಷ್ಟೇ ತಂದ ಫೋನಿನ ಹಾಗೆ ‘ಸ್ವಾಗತ’ ಎನ್ನುತ್ತದೆ. ಒಳಗೆ ಏನೆಂದರೆ ಏನೂ ಇರುವುದಿಲ್ಲ. ಆಸ್ಪತ್ರೆಯಲ್ಲಿ ಹೆಂಡತಿಯ ಮಂಚದ ಪಕ್ಕ ಕೂತು ಅವರು ಅದನ್ನು ನೋಡುತ್ತಾರೆ. ಅದನ್ನು ಅಳಿಸುವವಳು ನಾನು.

ನಾನು ಸುಮ್ಮಸುಮ್ಮನೆ ಹೆದರುವವಳೇ. ಮಗಳು ಒಂದು ಸಲ ಸೀನಿದರೆ ನ್ಯುಮೋನಿಯಾದವರೆಗೆ ಹೋಗಿ ಬರುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡಿದ್ದೂ ಇದೆ. ಆದರೆ ಈ ಸಲದ್ದು ನನ್ನ ಕಲ್ಪನೆಯಲ್ಲ. ಸಿಬ್ಬಂದಿ ವಿಭಾಗದ ಮೇಡಂ ಬೆಳಗ್ಗೆ ನನ್ನ ಮೇಜಿನ ಹತ್ತಿರ ಬಂದು, ಬಗ್ಗಿ, ದನಿ ಇಳಿಸಿ ಹೇಳಿದ್ದು.

“ನಾಳೆ ಮಧ್ಯಾಹ್ನ ನಿಮ್ಮ ಮೇಷ್ಟ್ರ ಕಂಪ್ಯೂಟರ್ ಖಾತೆ ಮುಚ್ಚಬೇಕು. ಅವರ ಕಂಪನಿ ಫೋನೂ ಇಲ್ಲಿಂದಲೇ ಅಳಿಸಿಬಿಡಿ. ನಾನು ಬಂದು ಪಕ್ಕದಲ್ಲಿರ್ತೀನಿ.”

“ಯಾವ ಮೇಷ್ಟ್ರು ಮೇಡಂ?”

“ಇರೋದೇ ಒಬ್ರಲ್ವಾ? ಎಲ್ಲೂ ಬಾಯಿ ಬಿಡಬೇಡಿ ಮತ್ತೆ. ನಿಮ್ಮ ಕೆಲಸವೂ ಇನ್ನೂ ಕಾಯಂ ಆಗಿಲ್ಲ.” ಕೊನೆಯ ಮಾತನ್ನು ನಗುತ್ತಲೇ ಹೇಳಿದರು.

ಮೇಷ್ಟ್ರು ಅಂದರೆ ನಮಗೆಲ್ಲ ತಂತಿ ಮೇಷ್ಟ್ರು. ಕಂಪ್ಯೂಟರ್ ಕೆಟ್ಟಿದೆ ಎಂದು ಯಾರೇ ಬಂದರೂ “ಮೊದಲು ತಂತಿ ನೋಡು” ಎನ್ನುತ್ತಿದ್ದುದರಿಂದ ಬಿದ್ದ ಹೆಸರು. ಪದವಿ ಮುಗಿಸಿ ಕಂಪನಿಯ ಕಂಪ್ಯೂಟರ್ ಸಹಾಯ ವಿಭಾಗಕ್ಕೆ ಸೇರಿದವರಿಗೆಲ್ಲ ಮೊದಲ ಪಾಠ ಅವರದೇ. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ, ಮೂಲೆಯಲ್ಲಿ ಸತ್ತ ಕೀಬೋರ್ಡುಗಳ ರಾಶಿ, ಸರ್ವರುಗಳ ಗುಂಯ್ ಸದ್ದು. ಮೊದಲ ದಿನವೇ ನಮ್ಮನ್ನೆಲ್ಲ ಮೇಜಿನ ಕೆಳಗೆ ತೂರಿಸಿದ್ದರು.

“ಇಳೀರಿ ಪದವೀಧರರೇ, ಇಳೀರಿ! ನಿಮ್ಮ ಸರ್ಟಿಫಿಕೇಟ್ ನೋಡಿ ಪ್ರಿಂಟರ್ ಹೆದರಲ್ಲ.”

ಹೆರಿಗೆಯಾದ ಮೇಲೆ ಮನೆಯಲ್ಲೇ ಉಳಿದು, ಉಳಿದವರಿಗಿಂತ ತಡವಾಗಿ ಈ ದಾರಿಗೆ ಬಂದವಳು ನಾನು. ಬಗ್ಗಿದರೆ ಸೊಂಟ ಹಿಡಿಯುತ್ತಿತ್ತು. ಏಳಲಾಗದೆ ಒದ್ದಾಡುತ್ತಿದ್ದಾಗ ಮೇಲಿನಿಂದ ದನಿ ಬಂತು: “ಏನಮ್ಮಾ, ಅಲ್ಲೇ ಮನೆ ಮಾಡ್ಕೊಂಡ್ಯಾ? ಬಾಡಿಗೆ ಎಷ್ಟು?”

ದೇವರಂಥ ಮನುಷ್ಯ ಎಂದೆಲ್ಲ ನಾನು ಬರೆಯಲಾರೆ. ಮೂಗಿನ ತುದಿಯಲ್ಲೇ ಸಿಟ್ಟು. ಹೊಸ ಸಾಫ್ಟ್‌ವೇರ್ ಬಂತೆಂದರೆ ಮುಖ ಸಿಂಡರಿಸುತ್ತಿದ್ದರು. ನಮ್ಮ ತಂಡದ ಒಬ್ಬ ಹುಡುಗಿಯನ್ನು ಎಲ್ಲರೆದುರು ಅಳಿಸಿ, ಮರುದಿನ ಏನೂ ಆಗದವರ ಹಾಗೆ ಅವಳ ಡಬ್ಬಿಯಿಂದಲೇ ತಿಂಡಿ ತೆಗೆದು ತಿಂದಿದ್ದರು. ಹರೆಯದಲ್ಲಿ ಇದೇ ಕಟ್ಟಡಕ್ಕೆ ಪ್ರಿಂಟರ್ ಪೆಟ್ಟಿಗೆಗಳನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದವರಂತೆ. ಆಮೇಲೆ ಬಿಚ್ಚಿ, ಜೋಡಿಸಿ, ಬೈಸಿಕೊಂಡು ಕಲಿತರು. ಮಕ್ಕಳಿಲ್ಲ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು.

ಅವರು ಪಾಠ ಹೇಳುವ ರೀತಿಯೇ ಬೇರೆ. ಪಕ್ಕದ ಕೋಣೆಗೆ ಹೋಗಿ ನಮಗೆ ಫೋನ್ ಮಾಡುತ್ತಿದ್ದರು. ಒಮ್ಮೆ ರೇಗುವ ಮ್ಯಾನೇಜರ್, ಒಮ್ಮೆ ಪಾಸ್‌ವರ್ಡ್ ಮರೆತು ಗೋಳಾಡುವ ಗುಮಾಸ್ತೆ. ದನಿ ಎಷ್ಟು ಚೆನ್ನಾಗಿ ಬದಲಿಸುತ್ತಿದ್ದರೆಂದರೆ ನಗು ತಡೆಯಲಾಗದೆ ರಿಸೀವರ್‌ಗೆ ಕೈ ಅಡ್ಡ ಹಿಡಿಯುತ್ತಿದ್ದೆವು. ಖಾತೆ ಮುಚ್ಚುವ ಪಾಠದ ದಿನ ಮಾತ್ರ ಯಾರೂ ನಗಲಿಲ್ಲ. ಅವತ್ತು ಅವರು ಕೆಲಸ ಕಳೆದುಕೊಂಡವನ ವೇಷ ಹಾಕಿದ್ದರು. “ಅಮ್ಮಾ, ನಿನ್ನ ಕಾಲು ಹಿಡೀತೀನಿ, ನನ್ನ ಮಗಳ ಫೋಟೊ ಒಂದು ತಗೊಳ್ತೀನಿ, ಆಮೇಲೆ ಮುಚ್ಚು.” ನಾನು “ಆಯ್ತು ಸರ್, ಬೇಗ ತಗೊಳ್ಳಿ” ಎಂದುಬಿಟ್ಟೆ.

ಧಡಾರನೆ ಬಾಗಿಲು ತೆಗೆದು ಬಂದರು. “ಹೋಯ್ತು! ಕಂಪನಿ ಮುಳುಗ್ತು!” ಹಿಂದೊಮ್ಮೆ ಯಾರೋ ಅಯ್ಯೋ ಪಾಪ ಎಂದು ಮೊದಲೇ ಸುದ್ದಿ ಮುಟ್ಟಿಸಿದ್ದರಂತೆ. ಆ ಮನುಷ್ಯ ಹೋಗುವ ಮುಂಚೆ ಇಡೀ ಕಚೇರಿಯ ಸಂಬಳದ ಲೆಕ್ಕವನ್ನೇ ಅಳಿಸಿ ಹೋದನಂತೆ. “ಮೊದಲು ಬಾಗಿಲು ಮುಚ್ಚೋದು, ಆಮೇಲೆ ಸುದ್ದಿ. ಹೋಗೋನು ನಿಮ್ಮಪ್ಪನೇ ಆಗಿದ್ರೂ ಅಷ್ಟೇ.”

ಹೋಗುವವರು ಈಗ ಅವರೇ. ಕಾರಣವೂ ನಮ್ಮ ಕಣ್ಣೆದುರೇ ನಡೆದದ್ದು. ಕೆಲವು ತಿಂಗಳಿಂದ ಕಂಪನಿ ಅವರ ಪಾಠಗಳನ್ನೆಲ್ಲ ವಿಡಿಯೊ ಮಾಡಿಸುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲಿಗೆ ಬಣ್ಣ ಹಚ್ಚಿಕೊಂಡು ಬರುತ್ತಿದ್ದರು. “ಈ ವಯಸ್ಸಲ್ಲಿ ಹೀರೊ ಆದೆ ನೋಡಿ” ಎಂದು ನಗುತ್ತಿದ್ದರು. ಪಾಠವೆಲ್ಲ ಡಬ್ಬಿ ಸೇರಿತು, ಹೇಳುವವರ ಅಗತ್ಯ ತೀರಿತು.

ಕೆಲಸ ಹೋಗುವುದನ್ನು ನಾನು ತಡೆಯಲಾರೆ, ಅದು ಗೊತ್ತು. ನನ್ನ ಸಂಕಟ ಬೇರೆ.

ಅವರ ಹೆಂಡತಿಗೆ ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದು ವೈದ್ಯರು ಹೇಳಿದಾಗ, ಮೇಷ್ಟ್ರು ಮನೆಯಲ್ಲಿ ಆಕೆ ಆಡಿದ ಮಾತನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳತೊಡಗಿದರು. ಒಂದು ದಿನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿಸಿದ್ದರು. ಹಿಂದೆ ಹೊಲಿಗೆ ಯಂತ್ರದ ಸದ್ದು, ಮುಂದೆ ಗಡಸು ದನಿ: “ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ ಅಂದ್ರೆ ಈ ಮನುಷ್ಯನ ಕಿವಿಗೇ ಹೋಗಲ್ಲ. ಏನ್ರೀ ಅದು? ಇದನ್ನೂ ಹಿಡ್ಕೊಳ್ತಿದೀರಾ? ನಾಚಿಕೆ ಆಗಲ್ವಾ?”

ಮೇಷ್ಟ್ರು ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡರು. “ನಾಡಿದ್ದು ಆಪರೇಷನ್. ಇನ್ಮೇಲೆ ಬೈಸ್ಕೊಳ್ಳೋದು ಇದರಲ್ಲೇ.”

“ಸರ್, ಇನ್ನೊಂದು ಕಡೆ ನಕಲು ಇಟ್ಕೊಂಡಿದೀರಾ?”

“ನಂಗೇ ಪಾಠ ಹೇಳ್ತೀಯಾ ತಾಯಿ? ಇಡ್ಬೇಕು, ಇಡ್ಬೇಕು. ಪುರುಸೊತ್ತೆಲ್ಲಿದೆ?”

ದಿನ ಬೆಳಗಾದರೆ ‘ನಕಲೆಲ್ಲಿ, ನಕಲೆಲ್ಲಿ’ ಎಂದು ನಮ್ಮ ಜೀವ ಹಿಂಡುತ್ತಿದ್ದ ಮನುಷ್ಯ! ಇದ್ದದ್ದು ಕಂಪನಿ ಕೊಟ್ಟ ಫೋನೊಂದೇ. ಎರಡೆರಡು ಇಟ್ಟುಕೊಳ್ಳಲು ತಾನೇನು ಮಂತ್ರಿಯೇ ಎನ್ನುತ್ತಿದ್ದರು. ಕಂಪನಿಯ ಫೋನನ್ನು ನಾವು ಕಚೇರಿಯಿಂದ ಅಳಿಸಿದರೆ ಕಂಪನಿಯದು, ಸ್ವಂತದ್ದು ಎಂಬ ಭೇದವಿಲ್ಲ. ಎಲ್ಲ ಹೋಗುತ್ತದೆ. ಆಪರೇಷನ್ ಆಗಿತ್ತು, ಮೇಷ್ಟ್ರು ರಜೆ ಹಾಕಿ ಆಸ್ಪತ್ರೆಯಲ್ಲೇ ಇದ್ದರು. ಆಕೆಯ ದನಿ ಇನ್ನು ಎಲ್ಲಾದರೂ ಉಳಿದಿದ್ದರೆ ಆ ಫೋನಿನಲ್ಲಿ ಮಾತ್ರ.

ಮೇಡಂ ಹತ್ತಿರ ಕೇಳಿಯೂ ನೋಡಿದೆ. “ಅವರ ಸ್ವಂತದ್ದೇನಾದ್ರೂ ಇದ್ರೆ ತೆಕ್ಕೊಳ್ಳೋಕೆ ಹೇಳ್ಬಹುದಾ ಮೇಡಂ?”

“ಕಂಪನಿ ಫೋನಲ್ಲಿ ಸ್ವಂತದ್ದು ಯಾಕಿಡಬೇಕಿತ್ತು?” ಎಂದರು. ತಪ್ಪೇನೂ ಹೇಳಲಿಲ್ಲ. ನಮಗೆ ಕಲಿಸಿದ್ದೂ ಅದೇ.

ಊಟದ ಬಿಡುವಿನಲ್ಲಿ ಗಂಡನಿಗೆ ಫೋನ್ ಮಾಡಿದೆ.

“ನಿಂಗ್ಯಾಕೆ ಊರ ಉಸಾಬರಿ?”

“ಕೆಲಸದ ವಿಷ್ಯ ಎತ್ತಲ್ಲ ರೀ. ಬರೀ ನಕಲು ಮಾಡ್ಕೊಳ್ಳಿ ಅಂತೀನಿ.”

“ಅವ್ರೇನು ಚಿಕ್ಕ ಮಗುವಾ? ನೀನು ಬಾಯಿ ತೆಗೆದ ತಕ್ಷಣ ಗೊತ್ತಾಗುತ್ತೆ. ಸಿಟ್ಟಲ್ಲಿ ಸರ್ವರ್‌ಗೆ ಕೈ ಹಾಕಿದ್ರೆ? ಜೈಲಿಗೆ ಊಟ ನಾನು ತರ್ತೀನಿ ಬಿಡು, ಉಪ್ಪು ಕಮ್ಮಿ ಇರುತ್ತೆ.” ಆಮೇಲೆ, “ಈ ಕೆಲಸಕ್ಕೆ ಎಷ್ಟು ಒದ್ದಾಡಿದೀಯ, ನೆನಪಿರಲಿ” ಎಂದರು.

ನನಗೆ ಕಷ್ಟವಾದದ್ದೇ ಅದು. ಸುಳ್ಳು ಹೇಳಿ ಉಳಿಸಲು ದಾರಿಯಿಲ್ಲ. ಆ ಫೋನಿನ ಮಾತೆತ್ತಿದರೆ ಕೆಲಸ ಹೋಯಿತೆಂದು ಹೇಳಿದ ಹಾಗೆಯೇ. ಅವರ ಬಳಿ ಎಲ್ಲ ಸರ್ವರುಗಳ ಪಾಸ್‌ವರ್ಡ್ ಇದೆ. ಮೂವತ್ತು ವರ್ಷ ದುಡಿದ ಮನುಷ್ಯ, ಹೆಂಡತಿ ಆ ಸ್ಥಿತಿಯಲ್ಲಿ. ಏನು ಮಾಡಿಯಾರು, ಏನು ಮಾಡಲಿಕ್ಕಿಲ್ಲ, ನಾನು ಹೇಗೆ ಹೇಳಲಿ? ಸಂಜೆಯವರೆಗೆ ಮಾಡಿದ ಕೆಲಸವೆಲ್ಲ ತಪ್ಪಾಯಿತು. ಯಾರದೋ ಪಾಸ್‌ವರ್ಡನ್ನು ಇನ್ಯಾರಿಗೋ ಕಳಿಸುವುದರಲ್ಲಿದ್ದೆ.

ಸಂಜೆ ಡೇಕೇರಿಗೆ ಹೋದಾಗ ಮಗಳು ಓಡಿಬಂದು ಕುತ್ತಿಗೆಗೆ ಜೋತುಬಿದ್ದಳು. ಮೂಗು ಸೋರುತ್ತಿತ್ತು. ಹಣೆ ಮುಟ್ಟಿ ನೋಡಿದೆ, ಬಿಸಿಯಿರಲಿಲ್ಲ, ಮತ್ತೆ ಮುಟ್ಟಿದೆ. ಹೊರಗಿನ ಮೆಟ್ಟಿಲ ಮೇಲೆ ಅವಳನ್ನು ಸೊಂಟಕ್ಕೇರಿಸಿಕೊಂಡೇ ಫೋನ್ ತೆಗೆದೆ. ಮೇಷ್ಟ್ರ ನಂಬರ್ ಒತ್ತಿದೆ, ಕತ್ತರಿಸಿದೆ. ಮತ್ತೆ ಒತ್ತಿದೆ.

“ಏನಮ್ಮಾ, ಯಾವ ಪ್ರಿಂಟರ್ ಸತ್ತಿತು?” ಹಿಂದೆ ಆಸ್ಪತ್ರೆಯ ಟ್ರಾಲಿ ಉರುಳುವ ಸದ್ದು.

“ಸರ್, ಮನೆಯವರ ರೆಕಾರ್ಡಿಂಗ್ ಇದಾವಲ್ಲ... ಇವತ್ತೇ ಬೇರೆ ಕಡೆ ಹಾಕ್ಕೊಳ್ಳಿ ಸರ್.”

ಟ್ರಾಲಿ ದೂರ ಹೋಯಿತು. ಅವರು ವಾರ್ಡಿನಿಂದ ಆಚೆ ನಡೆದುಬಂದದ್ದು ಉಸಿರಲ್ಲೇ ತಿಳಿಯಿತು.

“ಯಾವಾಗ?”

“ನಾಳೆ ಮಧ್ಯಾಹ್ನ.”

“ಗುಂಡಿ ಒತ್ತೋದು ಯಾರು?”

“ನಾನೇ ಸರ್.”

“ಹ್ಞೂಂ. ನೀನೇ ಒತ್ತು. ಬೇರೆಯವ್ರು ಅರ್ಧಂಬರ್ಧ ಮಾಡ್ತಾರೆ.” ಕೆಮ್ಮಿದರು. ಕೆಮ್ಮೋ ಬೇರೇನೋ. “ಈ ದರಿದ್ರ ಫೋನಿಂದ ಆಚೆಗೆ ಏನೂ ಕಳಿಸೋಕಾಗದ ಹಾಗೆ ಬಿಗಿ ಮಾಡಿದೋನು ನಾನೇ. ಜೋರಾಗಿ ಹಾಕಿ ಇನ್ನೊಂದು ಫೋನಲ್ಲಿ ಹಿಡ್ಕೋಬೇಕಷ್ಟೇ. ಇಲ್ಲಿ ಯಾರನ್ನ ಕೇಳ್ಲಿ?”

“ನನ್ನ ಫೋನಿದೆ ಸರ್. ಈಗಲೇ ಬರ್ತೀನಿ.”

“ಮಗು?”

“ಸೊಂಟದ ಮೇಲಿದೆ.”

“ಮಕ್ಕಳನ್ನ ಒಳಗೆ ಬಿಡಲ್ಲ ಇಲ್ಲಿ.”

“ಗೇಟ್ ಹತ್ರ ನಿಂತಿರ್ತೀನಿ ಸರ್. ನೀವೇ ಇಳಿದು ಬನ್ನಿ.”