ಫ್ಯಾನಿಗೆ ಕಟ್ಟಿದ ಬಟ್ಟೆ

ಬುಧಗಾಂವದ ಕಾಕುವಿಗೂ ನನಗೂ ಮಾತು ನಿಂತು ಮೂರು ವರ್ಷವಾಯಿತು. ನಿಂತದ್ದೇ ಒಳ್ಳೆಯದು.

ಆಗ ನಾನು ಈ ಚಿಕ್ಕಮ್ಮನ ಮನೆಯ ಮಹಡಿಯ ಕೋಣೆಯಲ್ಲಿದ್ದೆ. ಹಗಲು ಮಿರಜದ ಕಾಲೇಜಿನಲ್ಲಿ ಪಾಠ, ಉಳಿದ ಹೊತ್ತೆಲ್ಲ ಪಿಎಚ್‌ಡಿ. ವಿಶ್ವ ಹುಟ್ಟಿದ ಮೇಲೆ ಬಹುಕಾಲ ಎಲ್ಲೆಡೆ ಹರಡಿದ್ದ ಅನಿಲ ತಣ್ಣಗೆ ಕತ್ತಲಲ್ಲಿ ಬಿದ್ದಿತ್ತು. ಮೊದಲ ನಕ್ಷತ್ರಗಳ ಬೆಳಕು ಅದರ ಪರಮಾಣುಗಳನ್ನು ಒಡೆದು ಕಾಯಿಸಿತು. ಆ ಬೆಳಕು ಹೇಗೆ ಹಬ್ಬಿತೆಂದು ನಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುತ್ತಿದ್ದೆ. ಶನಿವಾರದೊಳಗೆ ಫಲಿತಾಂಶ ಬರದಿದ್ದರೆ ಕೆಲಸವನ್ನು ಬೇರೆ ವಿದ್ಯಾರ್ಥಿಗೆ ಕೊಡುವುದಾಗಿ ಮಾರ್ಗದರ್ಶಕರು ಹೇಳಿದ್ದರು. ಕಂಪ್ಯೂಟರು ಹನ್ನೊಂದು ದಿನದಿಂದ ಎಡೆಬಿಡದೆ ಓಡುತ್ತಿತ್ತು. ಇನ್ನೊಂದು ದಿನ ಸಾಕಿತ್ತು.

ಗುರುವಾರ ಸಂಜೆ ಬಸ್ಸಿಳಿದು ಮೇಲೆ ಬಂದರೆ ಕಂಪ್ಯೂಟರಿನ ಫ್ಯಾನಿನ ಸದ್ದೇ ಇಲ್ಲ. ಸೆಕೆಗೆಂದು ನಾನು ಅದರ ಪೆಟ್ಟಿಗೆಯ ಒಂದು ಬದಿ ತೆಗೆದಿಟ್ಟಿದ್ದೆ. ಆ ಬದಿಗೆ ನೀರು ಸೋಸುವ ಬಟ್ಟೆಯನ್ನು ಎರಡು ಮಡಿಕೆ ಮಾಡಿ ದಾರದಿಂದ ಬಿಗಿದು ಕಟ್ಟಲಾಗಿತ್ತು. ಗಾಳಿಯಾಡದೆ ಯಂತ್ರ ಕಾದು ತಾನೇ ಬಂದಾಗಿತ್ತು.

ಕೆಳಗೆ ಕಾಕು ಜೈನರ ನೇಮದಂತೆ ಸೂರ್ಯ ಮುಳುಗುವ ಮುಂಚೆ ಊಟ ಮುಗಿಸಿ ಕೈ ತೊಳೆಯುತ್ತಿದ್ದರು.

"ಬಟ್ಟಿ ಯಾಕ ಕಟ್ಟಿದ್ರಿ?"

"ಹುಳಾ ಒಳಗ ಹೋಗಿ ಸಾಯಾಕತ್ತಿದ್ವು. ಚಾತುರ್ಮಾಸದಾಗ ನನ್ನ ಮನ್ಯಾಗ ಜೀವ ಹೋಗಬಾರದು."

"ಹನ್ನೊಂದ ದಿನದ ಕೆಲಸ ಹೋತು. ನಿಮ್ಮ ಪುಣ್ಯಾ ನೀವ ಕಟಗೊಂಡು ಕುಂದ್ರಿ."

ಕಾಕು ಸೆರಗಿಗೆ ಕೈ ಒರೆಸಿಕೊಂಡರು. "ನಿನ್ನ ಡಬ್ಬ್ಯಾಗಿನ ಗ್ಯಾಸ್ ಖರೇ ಐತೇನು? ಹುಳಾ ಖರೇ ಇದ್ವು."

ನನಗೆ ಮೈಯೆಲ್ಲ ಉರಿಯಿತು. ಡಿಸ್ಕಿನಲ್ಲಿ ಜಾಗ ಸಾಲದೆಂದು ಲೆಕ್ಕವನ್ನು ದಿನಕ್ಕೊಮ್ಮೆ ಉಳಿಸಿಡುವುದನ್ನು ನಿಲ್ಲಿಸಿದವನು ನಾನೇ. ಹಾಗೆ ಮಾಡದಿದ್ದರೆ ಹೋಗುತ್ತಿದ್ದದ್ದು ಒಂದು ದಿನದ ಕೆಲಸ ಮಾತ್ರ. ಅದನ್ನು ಕಾಕುವಿಗೆ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಮಾರನೆಯ ದಿನವೇ ಹೊಸ ಡಿಸ್ಕ್ ತಂದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ನನ್ನ ಕೆಲಸ ಇನ್ನೊಬ್ಬನ ಹೆಸರಿನಲ್ಲಿ ಅಚ್ಚಾಯಿತು.

ಈಗ ಮಿರಜದಲ್ಲಿ ಬಾಡಿಗೆ ಕೋಣೆ, ಅದೇ ಕಂಪ್ಯೂಟರು. ಮಳೆಗಾಲದ ಸಂಜೆ ಫ್ಯಾನಿನ ಹತ್ತಿರ ಹುಳ ಸುಳಿದರೆ ನಾನು ಲೆಕ್ಕ ಉಳಿಸಿಟ್ಟು ನಿಲ್ಲಿಸುತ್ತೇನೆ. ಕಾಗದದ ಮೇಲೆ ಹತ್ತಿಸಿಕೊಂಡು ಕಿಟಕಿಯಾಚೆ ಬಿಟ್ಟು ಬಂದು ಮತ್ತೆ ಶುರು ಮಾಡುತ್ತೇನೆ. ಪ್ರತಿ ಸಲವೂ ಕಾಕುವಿನ ಮೇಲೆ ಸಿಟ್ಟು ಬರುತ್ತದೆ.