ಕಾದ ಬಂಡೆಯ ಮೇಲೆ ನಿಂತ ಕರಿಯ

ಮಕ್ಕಳೇ, ನಾನು ಚಿಕ್ಕವನಿದ್ದಾಗ, ಅಂದರೆ ಈಗ ನೀವಿರುವಷ್ಟೇ ಎತ್ತರವಿದ್ದಾಗ, ಆನೆಗೊಂದಿಯ ಗುಡ್ಡದ ಬುಡದಲ್ಲಿ ನಮ್ಮ ಮನೆಯಿತ್ತು. ಹಿತ್ತಲ ಬಾಗಿಲು ತೆಗೆದರೆ ಒಂದರ ಮೇಲೊಂದು ಪೇರಿಸಿಟ್ಟಂಥ ದೊಡ್ಡ ದೊಡ್ಡ ಬಂಡೆಗಳು. ಅಪ್ಪ ಆಡು ಸಾಕಿದ್ದ. ಅವುಗಳನ್ನು ಕಾಯುವುದು ನಮ್ಮ ನಾಯಿ ಕರಿಯನ ಕೆಲಸ.

ಒಂದು ಬೇಸಿಗೆಯ ಮಧ್ಯಾಹ್ನ ಬಿಸಿಲು ತಾಳದೆ ಅಪ್ಪ ಆಡುಗಳನ್ನು ಬೇಗನೆ ಹೊಡೆದುಕೊಂಡು ಬಂದ. ಕರಿಯ ಮಾತ್ರ ಬರಲಿಲ್ಲ. ಅವತ್ತು ಮೊದಲ ಸಲ ಗುಡ್ಡ ಹತ್ತಿದ್ದ ಪುಟ್ಟ ಮರಿಯೂ ಹಿಂಡಿನಲ್ಲಿರಲಿಲ್ಲ. ತಾಯಿ ಆಡು ಗುಡ್ಡದ ಕಡೆ ತಿರುಗಿ ಒಂದೇ ಸಮನೆ ಅರಚುತ್ತಿತ್ತು.

ಅಪ್ಪ, ಅಕ್ಕ, ನಾನು ಹುಡುಕಲು ಹೊರಟೆವು. ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಬಂಡೆಗಳ ಕಾವು ಚಪ್ಪಲಿಯ ತಳ ದಾಟಿ ಬರುತ್ತಿತ್ತು. ದೂರದಲ್ಲಿ ಕರಿಯ ಬೊಗಳುವುದು ಕೇಳಿಸಿತು. ಆ ದನಿಯ ಜಾಡು ಹಿಡಿದು ಹತ್ತಿದೆವು.

ನೆರಳಿಲ್ಲದ ಹಾಸುಬಂಡೆಯ ಮೇಲೆ ಕರಿಯ ನಿಂತಿದ್ದ. ಅವನ ಮುಂದಿನ ಸಂದಿಯೊಳಗೆ ಮರಿ ಸಿಕ್ಕಿಕೊಂಡಿತ್ತು. ಮೇಲೆ ಹದ್ದೊಂದು ಸುತ್ತು ಹೊಡೆಯುತ್ತಿತ್ತು. ಅಲ್ಲೇ ಪಕ್ಕದಲ್ಲಿ ಬೇವಿನ ಮರದ ತಂಪು ನೆರಳಿದ್ದರೂ ಅವನು ಅಲ್ಲಿಗೆ ಹೋಗಿರಲಿಲ್ಲ. ಒಂದು ಕಾಲೆತ್ತಿ, ಅದನ್ನಿಳಿಸಿ ಇನ್ನೊಂದನ್ನೆತ್ತಿ, ಹದ್ದನ್ನೇ ನೋಡುತ್ತ ಬೊಗಳುತ್ತಿದ್ದ.

ಅಪ್ಪ ಮರಿಯನ್ನು ಮೆಲ್ಲಗೆ ಬಿಡಿಸಿದ. ಆಮೇಲಷ್ಟೇ ಕರಿಯ ಅಲ್ಲಿಂದ ಕದಲಿದ. ಕುಂಟುತ್ತ ಬಂದು ಮರದಡಿ ಕುಸಿದು, ಪಾದ ನೆಕ್ಕತೊಡಗಿದ.

"ಜಾಲಿಮುಳ್ಳು ಹೊಕ್ಕಿರಬೇಕು," ಎಂದ ಅಪ್ಪ.

ಅಕ್ಕ ಪಾದವನ್ನು ಹಗುರವಾಗಿ ಎತ್ತಿ ಬೆರಳ ಸಂದುಗಳನ್ನು ನೋಡಿದಳು. "ಯಪ್ಪಾ, ಮುಳ್ಳಲ್ಲ ಇದು. ಅಂಗಾಲು ಸುಟ್ಟಾವ, ನೋಡಿಲ್ಲಿ."

ಕಪ್ಪು ಮೆತ್ತೆಯಂಥ ಅಂಗಾಲಿನ ಚರ್ಮ ಸುಲಿದು ಒಳಗಿನ ಕೆಂಪು ಕಾಣುತ್ತಿತ್ತು. ನಾಲ್ಕೂ ಕಾಲು ಹಾಗೇ. ಅಷ್ಟು ನೋವಿನಲ್ಲೂ ಕರಿಯ ಹಲ್ಲು ತೋರಿಸಲಿಲ್ಲ. ಅಕ್ಕನ ತೊಡೆಯ ಮೇಲೆ ಮೂತಿಯಿಟ್ಟು ಕಣ್ಣು ಮುಚ್ಚಿದ.

"ಇಷ್ಟೊತ್ತು ಹೆಂಗ ನಿಂತಿದ್ಯೋ ನಮ್ಮಪ್ಪಾ!" ಎಂದ ಅಪ್ಪ. ಅವನು ಕರಿಯನನ್ನು ಹೆಗಲ ಮೇಲೆ ಹೊತ್ತುಕೊಂಡೇ ಗುಡ್ಡ ಇಳಿದ.

ಮನೆಯಲ್ಲಿ ಮಣ್ಣಿನ ಹರವಿಯ ತಣ್ಣೀರನ್ನು ಬೋಗುಣಿಗೆ ಹಾಕಿ ಪಾದಗಳನ್ನು ಅದರಲ್ಲಿ ಇರಿಸಿದೆವು. ನೋಡಲು ಬಂದ ಓಣಿಯವರು ಯಾರೋ ಸುಣ್ಣ ಹಚ್ಚಲು ಹೇಳಿದರು. "ಬ್ಯಾಡ್ರಿ, ನೆಕ್ಕಿದ್ರ ಹೊಟ್ಟಿಗೆ ಹೋಗ್ತೈತಿ," ಎಂದು ಅಕ್ಕ ತಡೆದಳು. ಪಾದಗಳಿಗೆ ಮೆತ್ತನೆಯ ಒಗೆದ ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಎತ್ತಿನ ಚಕ್ಕಡಿಯಲ್ಲಿ ಗಂಗಾವತಿಯ ದನದ ಡಾಕ್ಟರ ಹತ್ತಿರ ಹೋದೆವು.

"ಮತ್ತ ನಡೀತಾನೇನ್ರಿ?" ಅಪ್ಪ ಕೇಳಿದ.

"ಹೊಸಾ ಚರ್ಮ ಬರ್ತೈತಿ. ಅಲ್ಲೀ ತನಕ ಬಿಸಲಿಗೆ ಬಿಡಬ್ಯಾಡ್ರಿ, ನೆಕ್ಕಾಕೂ ಬಿಡಬ್ಯಾಡ್ರಿ," ಎಂದರು ಡಾಕ್ಟರು.

ಬೇಸಿಗೆಯೆಲ್ಲ ಕರಿಯ ಪಡಸಾಲೆಯಲ್ಲಿ ಮಲಗಿದ. ಆ ಮರಿ ಅವನ ಹೊಟ್ಟೆಗೆ ಒರಗಿ ನಿದ್ದೆ ಮಾಡುತ್ತಿತ್ತು. ಮಳೆಗಾಲಕ್ಕೆ ಇಬ್ಬರೂ ಕೂಡಿಯೇ ಗುಡ್ಡ ಹತ್ತಿದರು.

ಈಗ ನಿಮ್ಮ ಓಣಿಗೆಲ್ಲ ಸಿಮೆಂಟು ಬಿದ್ದಿದೆ. ನಿಮ್ಮ ನಾಯಿಗೆ ಕಾಯಲು ಆಡಿಲ್ಲ, ಹತ್ತಲು ಗುಡ್ಡವಿಲ್ಲ. ಮೊನ್ನೆ ಮಧ್ಯಾಹ್ನ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಅದನ್ನು ತಿರುಗಾಡಿಸಲು ಹೊರಟಳು. ಬಾಗಿಲು ದಾಟಿದವಳೇ ಬಗ್ಗಿ, ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಹಿಡಿದಳು. ಮರುಕ್ಷಣವೇ ನಾಯಿಯನ್ನು ಎತ್ತಿಕೊಂಡು ಒಳಗೆ ಬಂದಳು.

"ಭಾಳ ಸುಡಾಕತ್ತೈತಿ ಅಜ್ಜಾ, ಸಂಜೀಕ ಹೋಗ್ತೀವಿ."

"ಯಾರು ಹೇಳಿಕೊಟ್ರವ್ವಾ ನಿನಗ?"

"ಮೊಬೈಲ್‌ನ್ಯಾಗ ನೋಡಿದ್ನಿ."

ಕರಿಯನ ಅಂಗಾಲು ಸುಲಿದ ಮೇಲೆ ನಾವು ತಿಳಿದದ್ದನ್ನು, ಈ ಹುಡುಗಿ ಯಾವ ನಾಯಿಗೂ ನೋವಾಗುವ ಮೊದಲೇ ತಿಳಿದಿದ್ದಳು. ನಾನು ಬೆರಗಾಗಿ ಅವಳನ್ನೇ ನೋಡುತ್ತ ನಿಂತೆ.